ಕೊಲ್ಲದ ಶೆಲ್ಟರಿನಲ್ಲಿ ಸತ್ತ 23 ನಾಯಿಗಳು, ಆಮೇಲೆ ಬರೆದ ನಿಯಮಗಳು

2024ರ ಮಳೆಗಾಲದ ಆರು ವಾರಗಳಲ್ಲಿ ನಮ್ಮ ಶೆಲ್ಟರಿನಲ್ಲಿ 23 ನಾಯಿಗಳು ಸತ್ತವು. ಅವುಗಳಲ್ಲಿ 17 ನಾಲ್ಕು ತಿಂಗಳೂ ತುಂಬದ ಮರಿಗಳು. ಮೈಸೂರಿನ ಹೊರವಲಯದಲ್ಲಿರುವ ಆ ಶೆಲ್ಟರಿನ ಗೇಟಿನ ಮೇಲೆ ‘ಇಲ್ಲಿ ಯಾವ ಪ್ರಾಣಿಯನ್ನೂ ಕೊಲ್ಲುವುದಿಲ್ಲ’ ಎಂದು ಹಸಿರು ಬಣ್ಣದಲ್ಲಿ ಬರೆಸಿದ ಫಲಕವಿದೆ. ಅದನ್ನು ಬರೆಸಿದ ಐವರು ಟ್ರಸ್ಟಿಗಳಲ್ಲಿ ನಾನೂ ಒಬ್ಬಳು. ಸತ್ತ 23ರಲ್ಲಿ ಒಂದಕ್ಕೂ ದಯಾಮರಣದ ಚುಚ್ಚುಮದ್ದು ಕೊಟ್ಟಿರಲಿಲ್ಲವಾದ್ದರಿಂದ ಆ ವರ್ಷದ ವರದಿಯಲ್ಲಿ ‘ಕೊಂದ ಪ್ರಾಣಿಗಳು: ಸೊನ್ನೆ’ ಎಂದು ಬರೆಯಲು ಯಾವ ಅಡ್ಡಿಯೂ ಇರಲಿಲ್ಲ. ಬದುಕಿನ ಬಹುಪಾಲು ಬ್ಯಾಂಕಿನಲ್ಲಿ ಲೆಕ್ಕ ನೋಡಿ ನಿವೃತ್ತಳಾದ ನನಗೆ ಆ ಸೊನ್ನೆಯನ್ನು ಬರೆಯಲು ಮಾತ್ರ ಕೈ ಬರಲಿಲ್ಲ. ಶೆಲ್ಟರಿಗೊಂದು ಲಿಖಿತ ಆರೈಕೆ ನಿಯಮಾವಳಿ ಬೇಕೆಂದು ನಾನು ಸಭೆಯಲ್ಲಿ ಹಟ ಹಿಡಿದದ್ದು ಅದೇ ಕಾರಣಕ್ಕೆ. ಹದಿನಾಲ್ಕು ಪುಟಗಳ ಆ ನಿಯಮಾವಳಿ ಸಿದ್ಧವಾಗಲು ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳಲ್ಲಿ ನಡೆದದ್ದನ್ನು, ಇಂಥದೇ ಕೆಲಸದಲ್ಲಿ ತೊಡಗಿರುವ ಬೇರೆ ಊರುಗಳ ಗೆಳೆಯರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ರೋಗ ಬಂದದ್ದು ಒಂದು ರಟ್ಟಿನ ಪೆಟ್ಟಿಗೆಯಲ್ಲಿ. ರಾತ್ರಿ ಯಾರೋ ಗೇಟಿನ ಬಳಿ ಇಟ್ಟುಹೋಗಿದ್ದ ಆರು ಮರಿಗಳನ್ನು, ಬೆಳಿಗ್ಗೆ ಕೆಲಸಕ್ಕೆ ಬಂದ ನಮ್ಮ ಆಳು ಮಳೆಯಲ್ಲಿ ನೆನೆದಿದ್ದವೆಂಬ ಕನಿಕರದಿಂದ ನೇರವಾಗಿ ಉಳಿದ ಮರಿಗಳ ಜೊತೆ ಬಿಟ್ಟಿದ್ದ. ಅವನನ್ನು ದೂರಲು ನನ್ನಿಂದಾಗದು, ಏಕೆಂದರೆ ಹೊಸದಾಗಿ ಬಂದವನ್ನು ಬೇರೆಯಾಗಿ ಇಡಲು ನಮ್ಮಲ್ಲಿ ಒಂದು ಕೋಣೆಯೂ ಇರಲಿಲ್ಲ, ಬೇರೆ ಇಡಬೇಕೆಂದು ಅವನಿಗೆ ಹೇಳಿದವರೂ ಇರಲಿಲ್ಲ. ನಾಲ್ಕನೆಯ ದಿನ ಒಂದು ಮರಿ ವಾಂತಿ ಮಾಡಿತು. ಐದನೆಯ ದಿನ ರಕ್ತ ಬೆರೆತ ಭೇದಿ. ಪಾರ್ವೊ ಎಂದು, ಅಂದರೆ ಮರಿಗಳ ಪ್ರಾಣ ತೆಗೆಯುವ ಕರುಳಿನ ಸಾಂಕ್ರಾಮಿಕ ರೋಗವೆಂದು, ಪಶುವೈದ್ಯರು ಹೇಳುವ ಹೊತ್ತಿಗೆ ಅದು ಸಾಲಿನ ಕೊನೆಯ ಗೂಡನ್ನು ಮುಟ್ಟಿತ್ತು. ನಾವು ದಿನಕ್ಕೆರಡು ಬಾರಿ ಫಿನಾಯಿಲ್ ಹಾಕಿ ತೊಳೆಯುತ್ತಿದ್ದೆವು. ಸಂದರ್ಶಕರು ‘ಎಷ್ಟು ಶುಚಿಯಾಗಿದೆ’ ಎಂದು ಮೆಚ್ಚುತ್ತಿದ್ದರು. ಪಾರ್ವೊ ವೈರಾಣು ಫಿನಾಯಿಲಿಗೆ ಸಾಯುವುದಿಲ್ಲ. ನೆಲದಲ್ಲಿ, ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಜೀವಂತವಾಗಿರಬಲ್ಲದು. ಮೊದಲು ಮಲವನ್ನೆಲ್ಲ ಬಾಚಿ, ಸೋಪಿನ ನೀರಿನಲ್ಲಿ ಉಜ್ಜಿ, ಆಮೇಲೆ ಬ್ಲೀಚ್ ದ್ರಾವಣ ಹಾಕಿ ಹತ್ತು ನಿಮಿಷ ಹಾಗೇ ಬಿಟ್ಟರೆ ಮಾತ್ರ ಸಿಮೆಂಟಿನ ನೆಲ ಶುದ್ಧವಾಗುತ್ತದೆ. ಮಣ್ಣಿನ ಅಂಗಳವನ್ನು ಯಾವುದರಿಂದಲೂ ಶುದ್ಧ ಮಾಡಲಾಗದು. ತಾಯಿಯಿಂದ ಬಂದ ಪ್ರತಿಕಾಯಗಳು ಮರಿಗಳ ಮೈಯಲ್ಲಿ ಇರುವಷ್ಟು ಕಾಲ ಲಸಿಕೆ ಹಿಡಿಯದೇ ಹೋಗಬಹುದು, ಅವು ಯಾವ ವಾರ ಕರಗುತ್ತವೆಂದು ಮೊದಲೇ ಹೇಳಲಾಗದು. ಆದ್ದರಿಂದ ಶೆಲ್ಟರಿನ ಮರಿಗಳಿಗೆ ನಾಲ್ಕು ವಾರದಿಂದ ಆರಂಭಿಸಿ ಇಪ್ಪತ್ತು ವಾರ ತುಂಬುವವರೆಗೆ ಎರಡು ವಾರಕ್ಕೊಮ್ಮೆ ಲಸಿಕೆ ಕೊಡುತ್ತ ಹೋಗಬೇಕು ಎಂಬುದೂ ನನಗೆ ಗೊತ್ತಾದದ್ದು ಹದಿನೇಳು ಮರಿಗಳನ್ನು ಹೂಳಿದ ಮೇಲೆ.

ನಿಯಮಾವಳಿ ಬರೆಯಲು ಕುಳಿತಾಗ ನಾನು ಆಹಾರ, ಔಷಧ, ಸ್ವಚ್ಛತೆ ಎಂದು ಶೀರ್ಷಿಕೆಗಳನ್ನು ಹಾಕಿಕೊಂಡಿದ್ದೆ. ನಮ್ಮ ಪಶುವೈದ್ಯರು ಆ ಹಾಳೆಯನ್ನು ನೋಡಿ, “ಅಮ್ಮಾ, ಇದೆಲ್ಲ ಆಮೇಲೆ. ಮೊದಲು ಎಷ್ಟು ನಾಯಿಗಳನ್ನು ಸಾಕೋಕೆ ನಿಮ್ಮ ಕೈಲಾಗುತ್ತೆ ಅಂತ ಲೆಕ್ಕ ಹಾಕಿ. ಎಷ್ಟಕ್ಕೆ ಜಾಗ ಇದೆ ಅಂತ ಅಲ್ಲ,” ಎಂದರು. ಅಮೆರಿಕದ ಶೆಲ್ಟರ್ ಪಶುವೈದ್ಯರ ಸಂಘವು 2010ರಲ್ಲಿ ಹೊರತಂದ ಆರೈಕೆಯ ಮಾರ್ಗಸೂಚಿಯಲ್ಲಿ ಇದಕ್ಕೊಂದು ಅಳತೆಯಿದೆ: ಗೂಡು ಶುಚಿ ಮಾಡಲು ಒಂಬತ್ತು ನಿಮಿಷ, ಆಹಾರ ಕೊಡಲು ಆರು, ಒಟ್ಟು ದಿನಕ್ಕೆ ಪ್ರಾಣಿಯೊಂದಕ್ಕೆ ಕನಿಷ್ಠ ಹದಿನೈದು ನಿಮಿಷ. ಮೈ ಸವರುವುದು, ವಾಕಿಂಗ್, ಔಷಧ ಇವೆಲ್ಲ ಅದರ ಹೊರಗೆ. ಸೆಪ್ಟೆಂಬರಿನಲ್ಲಿ ನಾನು ಎಣಿಸಿದಾಗ ನಮ್ಮಲ್ಲಿ 94 ನಾಯಿಗಳಿದ್ದವು. ಕೆಲಸದವರು ಮೂವರು, ಅಡುಗೆಗೆ, ಆಸ್ಪತ್ರೆಯ ಓಡಾಟಕ್ಕೆ, ರಜೆಗೆ ಹೋಗುವ ಹೊತ್ತನ್ನು ಕಳೆದರೆ ಗೂಡುಗಳಿಗೆ ಸಿಗುತ್ತಿದ್ದದ್ದು ದಿನಕ್ಕೆ ಹದಿಮೂರು ಗಂಟೆ. ಹದಿಮೂರು ಗಂಟೆಯನ್ನು ಹದಿನೈದು ನಿಮಿಷದಿಂದ ಭಾಗಿಸಿದರೆ 52. ಅಂದರೆ 42 ನಾಯಿಗಳು ನಮ್ಮ ಗೋಡೆಯ ಒಳಗಿದ್ದವೇ ಹೊರತು ನಮ್ಮ ಆರೈಕೆಯಲ್ಲಿ ಇರಲಿಲ್ಲ. ಇನ್ನೊಂದು ಲೆಕ್ಕವೂ ಅಷ್ಟೇ ನಿಷ್ಠುರವಾಗಿತ್ತು. ತಿಂಗಳಿಗೆ ಸರಾಸರಿ 18 ನಾಯಿಗಳು ಬರುತ್ತಿದ್ದವು, ಒಂದೊಂದೂ ಸರಾಸರಿ ಐದು ತಿಂಗಳು ಉಳಿಯುತ್ತಿತ್ತು, ಗುಣಿಸಿದರೆ ಯಾವ ದಿನ ಎಣಿಸಿದರೂ ಒಳಗೆ ಸುಮಾರು 90 ನಾಯಿಗಳು. ಹೊಸ ಗೂಡುಗಳನ್ನು ಕಟ್ಟಿಸುವುದರಿಂದ ಈ ಲೆಕ್ಕ ಸರಿಯಾಗುವಂಥದಲ್ಲ. ಒಳಗೆ ಬರುವುದು ಕಡಿಮೆಯಾಗಬೇಕು, ಇಲ್ಲವೇ ಹೊರಗೆ ಹೋಗುವುದು ಬೇಗ ಆಗಬೇಕು. 52 ಎಂಬ ಸಂಖ್ಯೆ ನಿಯಮಾವಳಿಯ ಮೊದಲ ಪುಟದ ಮೊದಲ ಸಾಲಾಯಿತು.

ಯಾವ ನಾಯಿಗಳು ಏಕೆ ಇಲ್ಲಿವೆ ಎಂದು ಒಂದೊಂದರ ಚೀಟಿ ಹುಡುಕಿದಾಗ, ಮೂವತ್ತಕ್ಕೂ ಹೆಚ್ಚು ನಾಯಿಗಳಿಗೆ ಯಾವ ಕಾಯಿಲೆಯೂ ಇಲ್ಲವೆಂದು ತಿಳಿಯಿತು. ಬಡಾವಣೆಯವರು ‘ಬೊಗಳುತ್ತವೆ’ ಎಂದು ದೂರಿದಾಗ ಹಿಡಿದು ತಂದವು ಕೆಲವು. ಮುರಿದ ಕಾಲು ವಾಸಿಯಾದ ಮೇಲೂ ಯಾರೂ ವಾಪಸು ಬಿಡದೆ ಉಳಿದವು ಕೆಲವು. ಅವುಗಳಲ್ಲಿ ಬೆಳ್ಳಿ ಎಂಬ ಹೆಣ್ಣುನಾಯಿ ನಾಲ್ಕು ವರ್ಷದಿಂದ ಆರಡಿ ಉದ್ದ ನಾಲ್ಕಡಿ ಅಗಲದ ಗೂಡಿನಲ್ಲಿತ್ತು. ಅದು ದಿನವಿಡೀ ಎಡಕ್ಕೇ ಸುತ್ತುತ್ತಿತ್ತು; ಸುತ್ತಿ ಸುತ್ತಿ ನೆಲದ ಮೇಲೆ ವೃತ್ತಾಕಾರದ ಸವೆದ ಗುರುತು ಬಿದ್ದಿತ್ತು. ಆ ಗುರುತನ್ನು ನಾನು ನೂರು ಸಲ ನೋಡಿದ್ದೆ, ಅದು ಏನೆಂದು ಒಮ್ಮೆಯೂ ಕೇಳಿರಲಿಲ್ಲ. ಹಸಿವು ಬಾಯಾರಿಕೆಯಿಂದ, ಅನನುಕೂಲದಿಂದ, ನೋವು ರೋಗದಿಂದ, ಭಯ ಸಂಕಟದಿಂದ ಮುಕ್ತಿ ಮತ್ತು ಸಹಜ ವರ್ತನೆಗೆ ಅವಕಾಶ ಎಂಬ ಐದು ಸ್ವಾತಂತ್ರ್ಯಗಳನ್ನು ಜಲ್ಲಿಕಟ್ಟು ಪ್ರಕರಣದ 2014ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದದ್ದನ್ನು ನಾವು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದೆವು. ಬೆಳ್ಳಿಗೆ ಮೊದಲ ಮೂರು ಸಿಕ್ಕಿದ್ದವು ಎನ್ನಬಹುದು. ಉಳಿದ ಎರಡನ್ನು ಬೀದಿಯಿಂದ ತಂದ ದಿನವೇ ನಾವು ಕಿತ್ತುಕೊಂಡಿದ್ದೆವು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿತ್ತು. 2001ರ ನಿಯಮಗಳ ಜಾಗದಲ್ಲಿ ಬಂದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು. ಊಟ ಹಾಕುವವರು ಇನ್ನೂ ಇದ್ದಾರೆಯೇ ಎಂದು ಒಂದೊಂದು ಬೀದಿಗೂ ಹೋಗಿ ವಿಚಾರಿಸಿ, ಡಿಸೆಂಬರಿನಿಂದ ಫೆಬ್ರುವರಿಯವರೆಗೆ 26 ನಾಯಿಗಳನ್ನು ಬಿಟ್ಟೆವು. ಬೆಳ್ಳಿಯನ್ನು ಬಿಡಲಿಲ್ಲ, ನಾಲ್ಕು ವರ್ಷದಲ್ಲಿ ಅದರ ಬೀದಿಯೇ ಬದಲಾಗಿಹೋಗಿತ್ತು, ತೋಟದ ಮನೆಯೊಂದಕ್ಕೆ ದತ್ತು ಕೊಟ್ಟೆವು. ಬಿಟ್ಟ 26ರಲ್ಲಿ ಎರಡು ನಾಯಿಗಳು ಆರು ತಿಂಗಳೊಳಗೆ ವಾಹನಕ್ಕೆ ಸಿಕ್ಕಿ ಸತ್ತವು. ಗೂಡಿನಲ್ಲೇ ಇದ್ದಿದ್ದರೆ ಅವು ಇಂದಿಗೂ ಬದುಕಿರುತ್ತಿದ್ದವು ಎಂದು ಸಹ ಟ್ರಸ್ಟಿಯೊಬ್ಬರು ಹೇಳಿದ್ದು ನಿಜ, ಅದಕ್ಕೆ ನಾನು ಕೊಡಬಹುದಾದ ಉತ್ತರ ಅವರಿಗೆ ಸಮಾಧಾನ ತರುವಂಥದಲ್ಲ. ಆ ಎರಡು ಸಾವುಗಳನ್ನು ನಮ್ಮ ಪುಸ್ತಕದಲ್ಲೇ ಬರೆದಿದ್ದೇವೆ.

ಕರಡನ್ನು ಕೆಲಸದವರ ಮುಂದೆ ಓದಿದ ಸಂಜೆ ನಾನು ಹೆಚ್ಚು ಕಲಿತೆ. ಇಪ್ಪತ್ತು ವರ್ಷದಿಂದ ಪ್ರಾಣಿಗಳ ನಡುವೆ ಇರುವ ಹೆಂಗಸೊಬ್ಬರು ಪೂರ್ತಿ ಕೇಳಿಸಿಕೊಂಡು, “ಅಕ್ಕಾ, ನಾಯಿ ಒಳಗಿರುವಾಗ್ಲೇ ಪೈಪಲ್ಲಿ ನೀರು ಬಿಟ್ಟು ತೊಳೀತೀವಲ್ಲ, ಅದನ್ನ ಬರ್ದಿಲ್ಲ. ಅವು ಎಷ್ಟು ಹೆದರ್ಕೋತವೆ ಗೊತ್ತಾ? ಮೂಲೇಲಿ ನಿಂತು ನಡುಗ್ತವೆ,” ಎಂದರು. ಹಾಗೆ ಏಕೆ ತೊಳೆಯುತ್ತಿದ್ದೆವೆಂದರೆ ಹೊತ್ತಿಲ್ಲದ್ದಕ್ಕೆ; ಹೊತ್ತಿಲ್ಲದ್ದು ನಾಯಿಗಳು ಹೆಚ್ಚಾದದ್ದಕ್ಕೆ. ಅವರ ಸಲಹೆಯಂತೆ ಎರಡೆರಡು ಗೂಡುಗಳ ನಡುವಿನ ಗೋಡೆ ಒಡೆಸಿ ಜಾರುಬಾಗಿಲು ಇಡಿಸಿದೆವು. ನಾಯಿ ಈಗ ಒಂದು ಕಡೆ ಉಣ್ಣುತ್ತದೆ, ಇನ್ನೊಂದು ಕಡೆ ವಿಸರ್ಜನೆ ಮಾಡುತ್ತದೆ, ಒಂದು ಕಡೆ ತೊಳೆಯುವಾಗ ಇನ್ನೊಂದು ಕಡೆ ಒಣನೆಲದ ಮೇಲೆ ಇರುತ್ತದೆ. ಅದೇ ಸಂಜೆ, ಮೂವರು ಕೆಲಸದವರಲ್ಲಿ ಯಾರೊಬ್ಬರಿಗೂ ರೇಬೀಸ್ ಮುಂಜಾಗ್ರತಾ ಲಸಿಕೆ ಹಾಕಿಸಿಲ್ಲವೆಂಬುದು ಹೊರಬಿತ್ತು. ನಾಯಿಗಳ ಲಸಿಕೆಯ ಪಟ್ಟಿ ಗೋಡೆಯ ಮೇಲಿತ್ತು, ಮನುಷ್ಯರದು ಎಲ್ಲೂ ಇರಲಿಲ್ಲ. ಮರುವಾರವೇ ಹಾಕಿಸಿದೆವು, ಎರಡನೆಯ ಪುಟದಲ್ಲಿ ಬರೆದೆವು.

ಒಳಗೆ ಸೇರಿಸಿಕೊಳ್ಳುವ ನಿಯಮ ಬರೆಯುವುದು ಸುಲಭವಾಗಿತ್ತು, ಪಾಲಿಸುವುದು ಕಷ್ಟವಾಯಿತು. ಗಾಯಗೊಂಡವು, ಹುಳು ಬಿದ್ದ ಹುಣ್ಣಿನವು, ತಾಯಿಯಿಲ್ಲದ ಮರಿಗಳು ಇವುಗಳಿಗೆ ಮೊದಲ ಜಾಗ; ಆರೋಗ್ಯವಾಗಿರುವ ನಾಯಿಗೆ ಜಾಗವಿಲ್ಲ; ತರುವ ಮುನ್ನ ಫೋನ್ ಮಾಡಬೇಕು; ಬಂದದ್ದು ಹದಿನಾಲ್ಕು ದಿನ ಪ್ರತ್ಯೇಕ ಕೋಣೆಯಲ್ಲಿ ಇರಬೇಕು; ಒಳಗೆ ಬಂದ ಗಳಿಗೆಯಲ್ಲೇ ಲಸಿಕೆ. ಮನೆ ಬದಲಾಯಿಸುತ್ತಿದ್ದೇವೆಂದು ಸಾಕುನಾಯಿಯನ್ನು ಬಿಡಲು ಬಂದ ಕುಟುಂಬಕ್ಕೆ ಇಲ್ಲವೆಂದಾಗ, ಆ ಮನೆಯೊಡತಿ ಫಲಕದ ಕಡೆ ಕೈ ತೋರಿಸಿ, “ಮತ್ತೆ ಇದನ್ನ ಯಾಕ್ರೀ ಹಾಕ್ಕೊಂಡಿದ್ದೀರಾ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯದು. ನಾವು ಕೊಲ್ಲುವುದಿಲ್ಲವೆಂದು ಬರೆದದ್ದನ್ನು ಜನ ಎಲ್ಲವನ್ನೂ ತೆಗೆದುಕೊಳ್ಳುತ್ತೇವೆ ಎಂದು ಓದಿಕೊಂಡಿದ್ದರು, ನಾವೂ ಹಾಗೆಯೇ ಓದಿಕೊಂಡಿದ್ದೆವು. ಇಲ್ಲ ಎಂದು ಹೇಳಿ ಗೇಟು ಮುಚ್ಚುವುದು ತಪ್ಪೆಂದು ಆ ದಿನ ಅನಿಸಿತು. ಈಗ ಅಂಥವರ ನಾಯಿಯ ಚಿತ್ರ ತೆಗೆದು, ಹೊಸ ಮನೆ ಸಿಗುವವರೆಗೆ ಅವರ ಮನೆಯಲ್ಲೇ ಇರಲು ಬೇಕಾದ ಆಹಾರ, ಲಸಿಕೆ ನಮ್ಮ ಕಡೆಯಿಂದ ಕೊಡುತ್ತೇವೆ. ಒಪ್ಪದೆ ರಾತ್ರಿ ಗೇಟಿಗೆ ಕಟ್ಟಿಹೋಗುವವರು ಇದ್ದಾರೆ; ಅಂಥ ನಾಯಿಯನ್ನು ಒಳಗೆ ತೆಗೆದುಕೊಳ್ಳದೆ ಬೇರೆ ದಾರಿಯಿಲ್ಲ. ಆದ್ದರಿಂದ ಎರಡು ಗೂಡುಗಳನ್ನು ಯಾವಾಗಲೂ ಖಾಲಿ ಇಡಬೇಕೆಂದು ಬರೆದುಕೊಂಡೆವು.

ಎಲ್ಲಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡದ್ದು ಒಂಬತ್ತನೆಯ ಪುಟ. ದಯಾಮರಣದ ಬಗ್ಗೆ ನಾವು ಅದುವರೆಗೆ ಮಾತೇ ಆಡಿರಲಿಲ್ಲ. ಮಾತಾಡದೆ ಇರುವುದನ್ನೇ ನಾವು ಅಹಿಂಸೆ ಎಂದುಕೊಂಡಿದ್ದೆವು. ನಮ್ಮ ಹಿರಿಯ ಟ್ರಸ್ಟಿಯವರು ಜೈನ ಮನೆತನದವರು; ಮುದಿ, ರೋಗಿ ದನಕರುಗಳನ್ನು ಸಾಕುವ ಪಿಂಜರಾಪೋಲಿಗೆ ಮೂರು ತಲೆಮಾರಿನಿಂದ ದಾನ ಕೊಡುತ್ತ ಬಂದ ಮನೆ ಅವರದು. “ನಮ್ಮ ಕೈಯಿಂದ ಒಂದು ಜೀವವೂ ಹೋಗಬಾರದು. ಅದರ ಕರ್ಮ ಅದು ಅನುಭವಿಸಲಿ, ನಾವು ಪಕ್ಕದಲ್ಲಿ ಕೂತಿರೋಣ,” ಎಂದು ಅವರು ಹೇಳಿದಾಗ ಅದು ಬರಿಯ ಮಾತಾಗಿರಲಿಲ್ಲ, ಸಾಯುವ ನಾಯಿಯ ಪಕ್ಕದಲ್ಲಿ ರಾತ್ರಿಯಿಡೀ ಕೂತದ್ದನ್ನು ನಾನೇ ಕಂಡಿದ್ದೆ. ನಾನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯನ್ನು ಓದಿ ಹೇಳಿದೆ: ಪ್ರಾಣಿಯನ್ನು ಬದುಕಿಸಿ ಇಡುವುದೇ ಕ್ರೌರ್ಯವಾಗುವ ಸ್ಥಿತಿಯೊಂದಿದೆ ಎಂದು ಅದರ ಹದಿಮೂರನೆಯ ಕಲಮು ಒಪ್ಪುತ್ತದೆ. ಅವರು ಅಲುಗಲಿಲ್ಲ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ವಾಸಿಯಾಗದ ನೋವಿನಿಂದ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿ ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಸಾವು ತಂದದ್ದನ್ನು, ಅದಕ್ಕಾಗಿ ಅಹಿಂಸಾವಾದಿಗಳಿಂದಲೇ ಬೈಸಿಕೊಂಡದ್ದನ್ನು ನೆನಪಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದರು: “ನಿಜ. ಆದರೆ ಜಾಗ ಸಾಲದು ಅಂತ ಅವರು ಆ ಕರುವಿಗೆ ಸೂಜಿ ಹಾಕಿಸಲಿಲ್ಲ. ನಾವು ನಾಳೆ ಹಾಕಿಸ್ತೀವಿ. ದುಡ್ಡು ಮುಗಿದ ತಿಂಗಳು ಹಾಕಿಸ್ತೀವಿ.”

ನಿಯಮಾವಳಿಯ ಅತ್ಯಂತ ಮುಖ್ಯ ವಾಕ್ಯ ಹುಟ್ಟಿದ್ದು ಆ ಮಾತಿನಿಂದ. ಜಾಗದ ಕೊರತೆ, ಹಣದ ಕೊರತೆ, ವಯಸ್ಸು, ಕುರುಡು, ಕಾಲಿಲ್ಲದಿರುವುದು, ದತ್ತು ಹೋಗದಿರುವುದು, ಇವುಗಳಲ್ಲಿ ಯಾವುದೂ ಯಾವ ಕಾಲಕ್ಕೂ ದಯಾಮರಣಕ್ಕೆ ಕಾರಣವಾಗಕೂಡದು. ಕಾರಣ ಒಂದೇ: ಗುಣವಾಗದ, ಔಷಧದಿಂದ ಹತೋಟಿಗೆ ಬಾರದ ಯಾತನೆ. ಅದನ್ನು ಇಬ್ಬರು ಪಶುವೈದ್ಯರು ಬೇರೆ ಬೇರೆಯಾಗಿ ನೋಡಿ ಒಪ್ಪಬೇಕು, ಅವರಲ್ಲಿ ಒಬ್ಬರು ನಮ್ಮ ಶೆಲ್ಟರಿಗೆ ಸೇರದವರಾಗಿರಬೇಕು. ಮೊದಲು ನಿದ್ರೆ ಬರಿಸಿ ಆಮೇಲೆ ರಕ್ತನಾಳಕ್ಕೆ ಚುಚ್ಚುಮದ್ದು. ಇನ್ನೊಂದು ನಾಯಿಯ ಎದುರಿಗೆ ಕೊಡಕೂಡದು. ಪ್ರಾಣ ಹೋಗಿದೆಯೆಂದು ಖಚಿತಪಡಿಸಿಕೊಂಡೇ ದೇಹವನ್ನು ಎತ್ತಬೇಕು. ಎಲ್ಲವನ್ನೂ ದಾಖಲೆಯಲ್ಲಿ ಬರೆಯಬೇಕು. ಇವುಗಳಲ್ಲಿ ಹಲವನ್ನು ಸರ್ಕಾರದ ನಿಯಮಗಳೇ ಬೀದಿ ನಾಯಿಗಳ ವಿಷಯದಲ್ಲಿ ಹೇಳಿವೆ, ನಾವು ನಮ್ಮ ಮಾತಿನಲ್ಲಿ ಬರೆದುಕೊಂಡೆವು. ರೇಬೀಸ್ ಶಂಕೆಯಿರುವ ನಾಯಿಯನ್ನು ಸಹಜವಾಗಿ ಸಾಯುವವರೆಗೆ ಪ್ರತ್ಯೇಕವಾಗಿ ಇಡಬೇಕೆಂದು ಅದೇ ನಿಯಮಗಳು ಹೇಳುತ್ತವೆ. ಆ ಸಾವನ್ನು ಒಮ್ಮೆ ಕಂಡ ನನಗೆ ಅದು ಸರಿಯೆಂದು ಇಂದಿಗೂ ಅನಿಸುವುದಿಲ್ಲ, ಆದರೂ ಕಾನೂನಿನಂತೆಯೇ ಬರೆದಿದ್ದೇವೆ. ಹಿರಿಯ ಟ್ರಸ್ಟಿಯವರು ಕೊನೆಗೆ ಸಹಿ ಹಾಕಿದರು. ದಯಾಮರಣದ ಪ್ರತಿಯೊಂದು ಚೀಟಿಯನ್ನೂ ತಮಗೆ ಕಳಿಸಬೇಕೆಂದು ಷರತ್ತು ಹಾಕಿದರು.

ಯಾತನೆಯನ್ನು ಅಳೆಯುವುದು ಹೇಗೆಂಬುದಕ್ಕೆ ಪಶುವೈದ್ಯೆ ಆಲಿಸ್ ವಿಲ್ಲಾಲೋಬೊಸ್ ರೂಪಿಸಿದ ಬದುಕಿನ ಗುಣಮಟ್ಟದ ಪಟ್ಟಿಯನ್ನು ಬಳಸಿದೆವು. ನೋವು, ಹಸಿವು, ನೀರು, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು, ಹೀಗೆ ಏಳು. ಒಂದೊಂದಕ್ಕೂ ಹತ್ತರವರೆಗೆ ಅಂಕ, ಸ್ಥಿತಿ ಒಳ್ಳೆಯದಿದ್ದಷ್ಟೂ ಹೆಚ್ಚು. ಒಟ್ಟು 35ಕ್ಕಿಂತ ಮೇಲಿದ್ದರೆ ಆ ಬದುಕು ಮುಂದುವರಿಯಬಹುದು. ಅಂಕ ಹಾಕುವವರು ವೈದ್ಯರಲ್ಲ, ದಿನವೂ ಅದಕ್ಕೆ ಅನ್ನ ಹಾಕುವವರು. ಬೆನ್ನುಮೂಳೆ ಮುರಿದ ಎರಡು ನಾಯಿಗಳು ಆಗ ನಮ್ಮಲ್ಲಿದ್ದವು. ಚಿನ್ನಿ ಗಾಲಿಗಾಡಿಯಲ್ಲಿ ಅಂಗಳವೆಲ್ಲ ಓಡಾಡುತ್ತಿತ್ತು, ಅದರ ಅಂಕ 48. ಗುಂಡನಿಗೂ ಅದೇ ಪೆಟ್ಟು. ಆದರೆ ದಿನಕ್ಕೆ ಮೂರು ಸಲ ಹೊಟ್ಟೆ ಒತ್ತಿ ಮೂತ್ರ ತೆಗೆದರೂ ಸೋಂಕು ಬಿಡುತ್ತಿರಲಿಲ್ಲ, ಸೊಂಟದ ಹುಣ್ಣು ಮೂಳೆಯವರೆಗೆ ಇಳಿದಿತ್ತು. ಅವನ ಅಂಕ ಜನವರಿಯಲ್ಲಿ 41 ಇದ್ದದ್ದು ಮಾರ್ಚಿನಲ್ಲಿ 24ಕ್ಕೆ, ಆಮೇಲೆ 22ಕ್ಕೆ ಇಳಿಯಿತು. ಹದಿನಾಲ್ಕು ತಿಂಗಳು ಅವನನ್ನು ನೋಡಿಕೊಂಡ ಹೆಂಗಸು ಚೀಟಿಯನ್ನು ನನ್ನ ಕೈಗೆ ಕೊಡುವಾಗ, “ಅಕ್ಕಾ, ಮೊದ್ಲು ನನ್ನ ಹೆಜ್ಜೆ ಸದ್ದು ಕೇಳಿದ್ರೆ ತಲೆ ಎತ್ತೋನು. ಈಗ ಬನ್ನು ತೋರಿಸಿದ್ರೂ ಎತ್ತಲ್ಲ,” ಎಂದರು. ಇಬ್ಬರೂ ವೈದ್ಯರು ಒಪ್ಪಿದರು. ಚುಚ್ಚುಮದ್ದಿನ ಹೊತ್ತಿನಲ್ಲಿ ಪಕ್ಕದಲ್ಲಿರಬೇಕೋ ಬೇಡವೋ ಎಂಬುದು ಆರೈಕೆ ಮಾಡಿದವರ ಇಚ್ಛೆಗೆ ಬಿಟ್ಟದ್ದೆಂದು ನಾವು ಬರೆದಿದ್ದೆವು. ಅವರು ಇದ್ದರು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಮ್ಮ ಪುಸ್ತಕದಲ್ಲಿ ಸೊನ್ನೆ ಇದ್ದ ಜಾಗದಲ್ಲಿ ಒಂದು ಎಂದು ಬರೆದವಳು ನಾನು.

ವರದಿಯ ನಮೂನೆಯನ್ನೂ ಬದಲಾಯಿಸಿದೆವು. ಅಮೆರಿಕದಲ್ಲಿ ಬಂದ ಪ್ರಾಣಿಗಳಲ್ಲಿ ನೂರಕ್ಕೆ ತೊಂಬತ್ತು ಉಳಿದರೆ ಆ ಶೆಲ್ಟರನ್ನು ‘ಕೊಲ್ಲದ ಶೆಲ್ಟರ್’ ಎನ್ನುವ ರೂಢಿಯಿದೆ. ನಮ್ಮಲ್ಲಿ ಆರೋಗ್ಯವಂತ ಬೀದಿ ನಾಯಿಯನ್ನು ಕೊಲ್ಲಲು ಕಾನೂನೇ ಬಿಡುವುದಿಲ್ಲವಾದ್ದರಿಂದ ಕೊಲ್ಲದಿರುವುದು ನಮ್ಮ ಹೆಚ್ಚುಗಾರಿಕೆಯೂ ಅಲ್ಲ. ಈಗ ನಮ್ಮ ವರದಿಯಲ್ಲಿ ದಯಾಮರಣ ಒಂದು ಸಾಲು, ಗೂಡಿನಲ್ಲಿ ತಾನಾಗಿ ಸತ್ತವು ಇನ್ನೊಂದು ಸಾಲು, ಬಂದ ಮೇಲೆ ತಗುಲಿದ ರೋಗದಿಂದ ಸತ್ತವು ಮೂರನೆಯ ಸಾಲು. ದಾನಿಗಳಿಬ್ಬರು ಇದನ್ನು ಓದಿ ಕೊಡುವುದನ್ನು ನಿಲ್ಲಿಸಿದರು. ಮೂರನೆಯ ಸಾಲು 2025ರ ಮಳೆಗಾಲದಲ್ಲಿ ಎರಡಕ್ಕೆ ನಿಂತಿತು.

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿ ನಾಯಿಗಳನ್ನು ಹಿಡಿದು ಶೆಲ್ಟರುಗಳಿಗೆ ಸಾಗಿಸಬೇಕು, ಅದೇ ಜಾಗಕ್ಕೆ ಮರಳಿ ಬಿಡಬಾರದು ಎಂದು ಆದೇಶಿಸಿತು. ಕೆಲವು ವಾರಗಳ ನಂತರ ಸ್ಥಳೀಯ ಸಂಸ್ಥೆಯೊಂದರಿಂದ ಇಬ್ಬರು ಬಂದು, ನಲವತ್ತು ನಾಯಿಗಳನ್ನು ಇರಿಸಿಕೊಳ್ಳಲಾಗುತ್ತದೆಯೇ, ಊಟದ ಖರ್ಚು ಕೊಡುತ್ತೇವೆ ಎಂದು ವಿನಯದಿಂದಲೇ ಕೇಳಿದರು. ಎರಡು ವರ್ಷದ ಹಿಂದಾಗಿದ್ದರೆ ನಾನು ಆ ಕ್ಷಣವೇ ಒಪ್ಪುತ್ತಿದ್ದೆ. ಹದಿನಾಲ್ಕು ಪುಟಗಳನ್ನು ಅವರ ಮುಂದಿಟ್ಟು, ನಾಯಿಯೊಂದಕ್ಕೆ ಹದಿನೈದು ನಿಮಿಷದಂತೆ ನಲವತ್ತಕ್ಕೆ ದಿನಕ್ಕೆ ಹತ್ತು ಗಂಟೆಯ ಕೆಲಸ, ಎರಡು ವಾರದ ಪ್ರತ್ಯೇಕ ಕೋಣೆಗಳು, ವರ್ಷಾನುಗಟ್ಟಲೆಯ ವಾಸ ಇವುಗಳ ಲೆಕ್ಕ ಬರೆದುಕೊಟ್ಟೆ. ಊಟದ ಖರ್ಚು ಅದರಲ್ಲಿ ಚಿಕ್ಕ ಬಾಬ್ತು. ಅವರು ಅದರ ಒಂದು ಪ್ರತಿಯನ್ನು ಕೇಳಿ ತೆಗೆದುಕೊಂಡು ಹೋದರು.

ಆ ದಿನ ಬೆಳಗಿನ ಎಣಿಕೆ 50 ಇತ್ತು. ಸಂಜೆ ಹುಣಸೂರು ರಸ್ತೆಯಿಂದ ಆಟೋದಲ್ಲಿ ಒಂದು ಕಂದು ನಾಯಿಯನ್ನು ತಂದರು. ತೊಡೆಯ ಮೂಳೆ ಮುರಿದಿತ್ತು, ಉಸಿರು ನೆಟ್ಟಗಿತ್ತು. ಖಾಲಿಯಿದ್ದ ಎರಡು ಗೂಡುಗಳಲ್ಲಿ ಒಂದಕ್ಕೆ ಗೋಣಿಚೀಲ ಹಾಸಿ ಮಲಗಿಸಿ, ಲಸಿಕೆ ಹಾಕಿ, 51 ಎಂದು ಬರೆದುಕೊಂಡೆವು.